‘ಹೂಂ’ ಅನ್ನುವ ಮೊದಲು: ಮುಂಬೈ ವಾರ್ಡಿಗೆ ಹೊಸದಾಗಿ ಬಂದ ಕನ್ನಡದ ನರ್ಸ್‌ಗಳಿಗೆ

ನಾನು ಮುಂಬೈಗೆ ಬಂದ ಎರಡನೇ ವಾರ. ಮಕ್ಕಳ ವಾರ್ಡು, ಮಧ್ಯಾಹ್ನದ ಶಿಫ್ಟು. ಸೀನಿಯರ್ ಸಿಸ್ಟರ್ ದೂರದಿಂದಲೇ ಮರಾಠಿಯಲ್ಲಿ ಕೂಗಿ ಹೇಳಿದರು: ‘ಸಾತ್ ನಂಬರ್‌ಚ್ಯಾ ಬಾಳಾಲಾ ಪ್ಯಾರಾಸಿಟಮಾಲ್ ಅಡೀಚ್ ಎಂಎಲ್ ದೇ.’ ಏಳನೇ ನಂಬರಿನ ಮಗುವಿಗೆ ಪ್ಯಾರಾಸಿಟಮಾಲ್ ಕೊಡು ಅಂತ. ನಾನು ಹೂಂ ಅಂದೆ. ಸಿರಪ್ ಬಾಟಲಿ ಕೈಗೆ ತೆಗೆದುಕೊಂಡ ಮೇಲೆ ಕೈ ನಿಂತಿತು. ಅಡೀಚ್ ಅಂದರೆ ಎಷ್ಟು? ಅರ್ಧವೋ? ಒಂದೂವರೆಯೋ? ಪಕ್ಕದಲ್ಲಿ ಚಾದರ ಮಡಿಸುತ್ತಿದ್ದ ಮಾವಶಿಯನ್ನು (ವಾರ್ಡಿನ ಆಯಾಗೆ ಇಲ್ಲಿ ಹಾಗೆ ಅನ್ನುತ್ತಾರೆ) ಮೆಲ್ಲಗೆ ಕೇಳಿದೆ. ‘ದೋನ್ ಆಣಿ ಅರ್ಧಾ’ ಅಂದರು. ಎರಡೂವರೆ. ಆಮೇಲೆ ಚಾರ್ಟ್ ತೆಗೆದು ನೋಡಿದರೆ ಅದರಲ್ಲಿ 2.5 ಎಂಎಲ್ ಅಂತಲೇ ಇತ್ತು. ಮೊದಲು ಚಾರ್ಟ್ ನೋಡಬೇಕಿತ್ತು, ಅಲ್ವಾ? ನೋಡಿರಲಿಲ್ಲ. ಹೊಸ ಊರು, ಹೊಸ ಭಾಷೆ, ದಡ್ಡಿ ಅಂದುಕೊಂಡಾರು ಅನ್ನುವ ಹೆದರಿಕೆ. ಅದಕ್ಕೇ ಹೂಂ ಬಂದುಬಿಟ್ಟಿತು.

ಈಗ ವಾರ್ಡ್ ಇನ್‌ಚಾರ್ಜ್ ಆಗಿ ಪ್ರತಿ ವರ್ಷ ಹೊಸಬರನ್ನು ನೋಡುತ್ತೇನೆ. ಕಲಬುರಗಿ, ಬೆಳಗಾವಿ, ಉಡುಪಿ, ಶಿರಸಿ ಕಡೆಯ ಹುಡುಗಿಯರು, ಹುಡುಗರು. ಓದಿನಲ್ಲಿ ಯಾರೂ ಕಡಿಮೆ ಇಲ್ಲ. ಎಡವುವುದು ಈ ಹೂಂನಲ್ಲೇ. ಆದ್ದರಿಂದ ಮೊದಲ ಮೂರು ತಿಂಗಳಿಗೆ ಬೇಕಾದ್ದನ್ನು ಒಂದೊಂದಾಗಿ ಬರೆದಿದ್ದೇನೆ.

ಬರುವ ಮುಂಚೆ

ಕಾಗದಪತ್ರದ ಮಾತು ಬೇಗ ಮುಗಿಸೋಣ. ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಇದೆ ಅಂತ ಸುಮ್ನೆ ಇರಬೇಡಿ. ಇಲ್ಲಿ ಕೆಲಸ ಮಾಡಲು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರಬೇಕು. ಅದಕ್ಕೆ ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆದುಕೊಳ್ಳಬೇಕು. ಊರಲ್ಲಿ ಇರುವಾಗಲೇ ಅರ್ಜಿ ಹಾಕಿ. ಇಲ್ಲಿಗೆ ಬಂದು ನೈಟ್ ಡ್ಯೂಟಿ ಮಾಡುತ್ತಾ ಬೆಂಗಳೂರಿಗೆ ಫೋನ್ ಮಾಡಿಕೊಂಡು ಕೂರುವುದು ದೊಡ್ಡ ತಲೆನೋವು. ಸರ್ಟಿಫಿಕೇಟ್‌ಗಳ ಮೂಲ ಪ್ರತಿಯನ್ನು ಯಾವ ಏಜೆಂಟ್‌ಗೂ ಕೊಟ್ಟು ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಪ್ರತಿ ವಾಪಸ್ ತೆಗೆದುಕೊಳ್ಳಿ.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ ನೋಡಿಕೊಳ್ಳಿ. 0, 1 ಮತ್ತು 6ನೇ ತಿಂಗಳು. ಕಾಲೇಜಿನಲ್ಲಿ ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆತವರು ಬಹಳ.

ಮೊದಲ ವಾರ: ಲೆಕ್ಕ ಮತ್ತು ನೋವು

ಮರಾಠಿ ಕಲಿಯಲು ಹೊರಟವರು ‘ತುಮೀ ಕಸೇ ಆಹಾತ್’ (ಹೇಗಿದ್ದೀರಿ) ಇಂದ ಶುರು ಮಾಡುತ್ತಾರೆ. ಅದು ತಾನಾಗಿ ಬರುತ್ತದೆ. ಮೊದಲು ಲೆಕ್ಕ ಕಲಿಯಿರಿ. ದೀಡ್ ಅಂದರೆ ಒಂದೂವರೆ. ಅಡೀಚ್ ಎರಡೂವರೆ. ಸಾಡೇತೀನ್ ಮೂರೂವರೆ. ಪಾವಣೇದೋನ್ ಅಂದರೆ ಎರಡಕ್ಕೆ ಕಾಲು ಕಡಿಮೆ, ಅಂದರೆ 1.45 ಗಂಟೆ. ಸವ್ವಾದೋನ್ 2.15. ‘ಪಾವಣೇದೋನ್‌ಗೆ ಆಂಟಿಬಯೋಟಿಕ್’ ಅಂದಾಗ ‘ದೋನ್’ ಒಂದೇ ಕಿವಿಗೆ ಬಿದ್ದು ಎರಡು ಗಂಟೆಗೆ ಕೊಡುವವರಿದ್ದಾರೆ. ಪಂಧರಾ ಹದಿನೈದು, ಪನ್ನಾಸ್ ಐವತ್ತು. ಗಡಿಬಿಡಿಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಆಮೇಲೆ ನೋವಿನ ಮಾತು. ಕನ್ನಡದಲ್ಲಿ ಇರುವ ಶಬ್ದವೇ ಇಲ್ಲಿ ಬೇರೆ ಅರ್ಥ ಕೊಡುತ್ತದೆ. ‘ಪಾಠ್ ದುಖತೇ’ ಅಂದರೆ ಪಾಠ ಅಲ್ಲ, ಬೆನ್ನು ನೋಯುತ್ತಿದೆ. ‘ಮಾನ್ ದುಖತೇ’ ಅಂದರೆ ಮಾನ ಹೋಗಿಲ್ಲ, ಕತ್ತು ನೋವು. ತಾಪ್ ಅಂದರೆ ಜ್ವರ. ಜುಲಾಬ್ ಅಂದರೆ ಭೇದಿ ಆಗುತ್ತಿದೆ ಅಂತ. ನಮ್ಮ ಕಡೆ ಭೇದಿ ಮಾಡಿಸುವ ಔಷಧಿಗೆ ಜುಲಾಬು ಅನ್ನುತ್ತೇವಲ್ಲ, ಅದಲ್ಲ. ‘ಮಳಮಳ್’ ವಾಕರಿಕೆ, ‘ದಮ್ ಲಾಗತೋ’ ಏದುಸಿರು, ‘ಕಳ್’ ಚುಚ್ಚಿ ಬರುವ ನೋವು, ‘ಲಘವೀ’ ಮೂತ್ರ. ‘ಹಾತಾಲಾ ಮುಂಗ್ಯಾ ಆಲ್ಯಾ’ ಅಂದಾಗ ನಾನು ಹಾಸಿಗೆ ಮೇಲೆ ಇರುವೆ ಹುಡುಕಿದ್ದೆ. ಮುಂಗ್ಯಾ ಅಂದರೆ ಇರುವೆಗಳೇ, ಆದರೆ ಆ ಅಜ್ಜ ಹೇಳಿದ್ದು ಕೈ ಜೋಮು ಹಿಡಿದಿದೆ ಅಂತ. ಪಾರ್ಶ್ವವಾಯು ಶುರುವಾಗುವಾಗಲೂ ಇದೇ ಮಾತು ಬರಬಹುದು. ನಕ್ಕು ಮುಂದೆ ಹೋಗುವಂಥದ್ದಲ್ಲ.

ಒಂದು ಪುಟ್ಟ ಡೈರಿ ಜೇಬಿನಲ್ಲಿ ಇಟ್ಟುಕೊಳ್ಳಿ. ದಿನಕ್ಕೆ ಐದು ಶಬ್ದ ಸಾಕು. ಕಲಿಸಲು ಮಾವಶಿ, ಮಾಮಾಗಳಿಗಿಂತ (ವಾರ್ಡ್ ಬಾಯ್‌ಗಳು) ಒಳ್ಳೆಯ ಗುರುಗಳಿಲ್ಲ. ಅವರಿಗೆ ಮರ್ಯಾದೆ ಕೊಟ್ಟು ಮಾತಾಡಿಸಿ. ವಾರ್ಡಿನಲ್ಲಿ ಯಾವ ರೋಗಿ ಊಟ ಬಿಟ್ಟಿದ್ದಾರೆ, ಯಾರು ರಾತ್ರಿ ಅತ್ತರು ಅಂತ ಮೊದಲು ಗೊತ್ತಾಗುವುದು ಅವರಿಗೇ.

ಶಿಫ್ಟ್ ಶುರು: ಬೆಡ್ ಪಕ್ಕದಲ್ಲೇ ಹ್ಯಾಂಡೋವರ್

ಹ್ಯಾಂಡೋವರ್ ಅನ್ನು, ಅಂದರೆ ಹಿಂದಿನ ಶಿಫ್ಟಿನವರಿಂದ ರೋಗಿಗಳ ಜವಾಬ್ದಾರಿಯನ್ನು, ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತು ತೆಗೆದುಕೊಳ್ಳಬೇಡಿ. ರಾತ್ರಿಯವರಿಗೆ ಲೋಕಲ್ ಹಿಡಿಯುವ ಅವಸರ. ‘ಸಬ್ ಠೀಕ್ ಹೈ’ ಅಂದು ಬ್ಯಾಗ್ ಹಾಕಿಕೊಳ್ಳುತ್ತಾರೆ. ನೀವು ಐದು ನಿಮಿಷ ಮುಂಚೆ ಬಂದು, ಅವರ ಜೊತೆ ಬೆಡ್‌ನಿಂದ ಬೆಡ್‌ಗೆ ನಡೆಯಿರಿ. ಮುಖ ನೋಡಿ. ಸಲೈನ್ ಎಷ್ಟು ಉಳಿದಿದೆ, ಕ್ಯಾನುಲಾ (ಸಲೈನ್ ಕೊಡುವ ಸಣ್ಣ ನಳಿಕೆ) ಹಾಕಿದ ಜಾಗ ಊದಿದೆಯಾ, ಡ್ರೆಸ್ಸಿಂಗ್ ನೆನೆದಿದೆಯಾ, ಯೂರಿನ್ ಬ್ಯಾಗ್ ನೆಲಕ್ಕೆ ತಾಗಿದೆಯಾ ನೋಡಿ. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ನೆಲ ಮುಟ್ಟಬಾರದು. ದೊಡ್ಡವರಿಗೆ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಎಂಎಲ್ ಮೂತ್ರ ಬರಬೇಕು. 60 ಕಿಲೋ ಇರುವವರಿಗೆ ಗಂಟೆಗೆ 30 ಎಂಎಲ್. ಅದಕ್ಕಿಂತ ಕಡಿಮೆ ಬರುತ್ತಿದ್ದರೆ ಪೈಪ್ ಮಡಚಿದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರ್‌ಗೆ ಹೇಳಬೇಕಾದ ವಿಷಯ ಅದು.

ಅರ್ಥ ಆಗದ್ದನ್ನು ಅಲ್ಲೇ ಕೇಳಿ. ಅವರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ.

ಹೆಸರು ಕೇಳಬೇಕು, ಹೇಳಬಾರದು

ಇಲ್ಲಿ ಒಂದೇ ವಾರ್ಡಿನಲ್ಲಿ ಮೂವರು ಪಾಟೀಲರು, ಇಬ್ಬರು ಶೆಟ್ಟರು ಇರುವುದು ಮಾಮೂಲು. ಬೆಡ್ ನಂಬರ್ ಮೇಲೆ ಔಷಧಿ ಕೊಡಬೇಡಿ. ಮಧ್ಯಾಹ್ನ ಬೆಡ್ ಬದಲಾಗಿರುತ್ತದೆ. ಎರಡು ಗುರುತು ಹೊಂದಬೇಕು: ಪೂರ್ತಿ ಹೆಸರು, ಮತ್ತೆ ಆಸ್ಪತ್ರೆಯ ನಂಬರ್ ಅಥವಾ ಹುಟ್ಟಿದ ತಾರೀಖು. ಕೈಪಟ್ಟಿ ಓದಿ.

ಕೇಳುವ ರೀತಿಯೂ ಮುಖ್ಯ. ‘ನೀವು ಪಾಟೀಲ್ ಅಲ್ವಾ?’ ಅಂತ ಕೇಳಿದರೆ ಕಿವಿ ಮಂದವಾದ ಅಜ್ಜ ಹೂಂ ಅನ್ನುತ್ತಾರೆ. ಜ್ವರದ ಮಂಪರಿನಲ್ಲಿ ಇರುವವರೂ ಹೂಂ ಅನ್ನುತ್ತಾರೆ. ಹೂಂ ಅನ್ನುವ ರೋಗ ನಮಗೆ ಮಾತ್ರ ಅಲ್ಲ, ರೋಗಿಗಳಿಗೂ ಇದೆ. ‘ತುಮಚಂ ನಾವ್ ಕಾಯ್?’ ಅಂತ ಕೇಳಿ. ಅವರ ಬಾಯಿಂದಲೇ ಹೆಸರು ಬರಲಿ.

ಔಷಧಿ ಕೊಡುವಾಗ

ಸರಿಯಾದ ರೋಗಿ, ಔಷಧಿ, ಪ್ರಮಾಣ, ದಾರಿ, ಹೊತ್ತು. ಈ ಐದು ನಿಮಗೆ ಬಾಯಿಪಾಠ ಇದೆ, ಮತ್ತೆ ಹೇಳಲ್ಲ. ಆದರೆ ಎರಡು ಕಡೆ ನಿಧಾನ ಮಾಡಿ.

ಒಂದು, ಫೋನಿನಲ್ಲಿ ಬರುವ ಆರ್ಡರ್. ಕೇಳುವಾಗಲೇ ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ. ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿ: ‘ಫಿಫ್ಟೀನ್, ಒನ್ ಫೈವ್, ಸರಿನಾ ಸರ್?’ ಡಾಕ್ಟರ್ ‘ಹೌದು’ ಅಂದ ಮೇಲೆ ಹೊತ್ತು, ಅವರ ಹೆಸರು, ನಿಮ್ಮ ಸಹಿ ಹಾಕಿ. ಅವರು ಬಂದಾಗ ಅವರ ಸಹಿ ತೆಗೆದುಕೊಳ್ಳಿ. ಇದಕ್ಕೆ ಸಿಟ್ಟಾಗುವ ಡಾಕ್ಟರ್‌ಗಳು ಸಿಗುತ್ತಾರೆ. ‘ಇಲ್ಲಿನ ಭಾಷೆಗೆ ಹೊಸಬಳು ಸರ್, ಒಮ್ಮೆ ಖಾತ್ರಿ ಮಾಡಿಕೊಳ್ತೀನಿ’ ಅನ್ನಿ. ನಾನು ಈ ಮಾತನ್ನು ಬಂದ ನಾಲ್ಕು ವರ್ಷದ ಮೇಲೂ ಹೇಳುತ್ತಿದ್ದೆ!

ಎರಡು, ಇನ್ಸುಲಿನ್. ನಮ್ಮ ದೇಶದಲ್ಲಿ ವಯಲ್‌ಗಳು ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನವು. ಪೆನ್ ಕಾರ್ಟ್ರಿಡ್ಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್ ಇರುತ್ತದೆ, 100ರ ವಯಲ್‌ಗಳೂ ಇವೆ. ಸಿರಿಂಜ್ ಕೂಡ ಎರಡು ಥರ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಕಾಲು ಎಂಎಲ್ ಬರುತ್ತದೆ. ಅಂದರೆ 25 ಯೂನಿಟ್. ಬೇಕಾದ್ದರ ಅಡೀಚ್ ಪಟ್ಟು! ರೋಗಿಯ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ. ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ. ಅವರೂ ನೋಡದೆ ಹೂಂ ಅಂದರೆ ‘ಓದಿ ಹೇಳಿ’ ಅನ್ನಿ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಬಗ್ಗೆ ಒಂದೇ ಮಾತು. ಅದನ್ನು ನೇರವಾಗಿ ನರಕ್ಕೆ ಯಾವತ್ತೂ ತಳ್ಳಬಾರದು, ಹೃದಯ ನಿಂತುಹೋಗುತ್ತದೆ. ಸಲೈನ್‌ನಲ್ಲಿ ಬೆರೆಸಿ ನಿಧಾನಕ್ಕೆ ಹರಿಸುವುದೊಂದೇ ದಾರಿ. ಯಾರು ಅವಸರ ಮಾಡಿದರೂ ಅಷ್ಟೇ.

ಉಸಿರು ಎಣಿಸಿ

ಯಾವ ವಾರ್ಡಿನ ಚಾರ್ಟ್ ತೆಗೆದರೂ ಉಸಿರಾಟದ ಕಾಲಂನಲ್ಲಿ ಎಲ್ಲರಿಗೂ 18 ಅಥವಾ 20. ಸತ್ತವರಿಗೆ ಮಾತ್ರ ಬೇರೆ ಅಂಕಿ ಅಂತ ನಮ್ಮ ಕಡೆ ತಮಾಷೆ. ಬಿಪಿ, ಪಲ್ಸ್‌ಗೆ ಮೆಷಿನ್ ಇದೆ, ಉಸಿರನ್ನು ಮಾತ್ರ ನಾವೇ ಎಣಿಸಬೇಕು. ಆದ್ದರಿಂದ ಯಾರೂ ಎಣಿಸಲ್ಲ. ಆದರೆ ರೋಗಿ ಕೆಡುವಾಗ ಅನೇಕ ಸಲ ಮೊದಲು ಬದಲಾಗುವುದು ಅದೇ. ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಂಡು, ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಿಗೆ 12ರಿಂದ 20 ಸರಿ. 25 ದಾಟಿದರೆ ಸುಮ್ಮನೆ ಬರೆದು ಹೋಗಬೇಡಿ, ಹೇಳಿ.

ಮಳೆಗಾಲದಲ್ಲಿ ಇಲ್ಲಿ ಡೆಂಗಿ, ಲೆಪ್ಟೊ (ಇಲಿ ಜ್ವರ), ಮಲೇರಿಯಾ ಎಲ್ಲ ಒಟ್ಟಿಗೆ ಬರುತ್ತವೆ. ಡೆಂಗಿಯಲ್ಲಿ ಹೊಸಬರು ಮೋಸ ಹೋಗುವುದು ಜ್ವರ ಇಳಿದಾಗ. ಮನೆಯವರು ಖುಷಿಯಾಗಿ ‘ಜ್ವರ ಹೋಯ್ತು ಸಿಸ್ಟರ್, ಡಿಸ್ಚಾರ್ಜ್ ಯಾವಾಗ’ ಅಂತ ಕೇಳುತ್ತಾರೆ. ಅಪಾಯದ ಹೊತ್ತು ಶುರುವಾಗುವುದೇ ಆಗ. ಹೊಟ್ಟೆ ಜೋರು ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಚಡಪಡಿಕೆ, ತಣ್ಣಗಿನ ಕೈಕಾಲು ನೋಡಿ. ಬಿಪಿಯ ಮೇಲಿನ ಅಂಕಿ ಒಂದನ್ನೇ ನೋಡಬೇಡಿ, ಎರಡರ ನಡುವಿನ ಅಂತರ ನೋಡಿ. 100/80 ಅಂದರೆ ನೋಡಲು ಚೆನ್ನಾಗಿದೆ. ಅಂತರ ಬರೀ 20. ಅದು ಶಾಕ್ ಬರುತ್ತಿರುವ ಸೂಚನೆ. ಆ ಕ್ಷಣ ಡಾಕ್ಟರ್‌ಗೆ ಫೋನ್ ಹೋಗಬೇಕು.

ಡಾಕ್ಟರ್‌ಗೆ ಹೇಳುವುದು ಹೇಗೆ

‘ಸರ್, ಬೆಡ್ ನಂಬರ್ ಬಾರಾ ಥೋಡಾ ಠೀಕ್ ನಹೀ ಹೈ.’ ಇದು ನಾನು ಮೊದಮೊದಲು ಮಾಡುತ್ತಿದ್ದ ಫೋನು. ರಾತ್ರಿ ಮೂರಕ್ಕೆ ಎದ್ದ ರೆಸಿಡೆಂಟ್ ಡಾಕ್ಟರ್ ‘ಮಾನಿಟರ್ ಕರೋ’ ಅಂದು ಮಲಗುತ್ತಿದ್ದರು. ಅವರದ್ದೂ ತಪ್ಪಲ್ಲ, ನಾನು ಹೇಳಿದ್ದಾದರೂ ಏನು?

ಎಸ್‌ಬಿಎಆರ್ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಷನ್) ಅಂತ ಕಲಿತಿರುತ್ತೀರಿ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಮಾತು ತಪ್ಪಬಾರದು ಅಂತ ಮಾಡಿಕೊಂಡ ಪದ್ಧತಿ, ಆಮೇಲೆ ಆಸ್ಪತ್ರೆಗೆ ಬಂತು. ಭಾಷೆ ಸರಿಯಾಗಿ ಬಾರದವರಿಗೆ ಇದು ವರ. ನಾಲ್ಕೇ ಸಾಲು. ಫೋನ್ ಮಾಡುವ ಮುಂಚೆ ಕಾಗದದ ಮೇಲೆ ಬರೆದುಕೊಳ್ಳಿ:

ಈಗ ಏನಾಗಿದೆ: ‘ಸರ್ಜರಿ ವಾರ್ಡಿನಿಂದ ಸಿಸ್ಟರ್. 12ನೇ ಬೆಡ್‌ನ ರೋಗಿಗೆ ಅರ್ಧ ಗಂಟೆಯಿಂದ ಏದುಸಿರು.’
ಹಿನ್ನೆಲೆ: ‘58 ವರ್ಷ, ಹರ್ನಿಯಾ ಆಪರೇಷನ್ ಆಗಿ ಎರಡನೇ ದಿನ, ಶುಗರ್ ಇದೆ.’
ನಾನು ಕಂಡದ್ದು: ‘ಉಸಿರು 28, ಪಲ್ಸ್ 118, ಬಿಪಿ 96/60, ಆಮ್ಲಜನಕ 91. ಬೆವರುತ್ತಿದ್ದಾರೆ, ಚಡಪಡಿಸುತ್ತಿದ್ದಾರೆ.’
ಬೇಕಾದ್ದು: ‘ನೀವು ಈಗಲೇ ಬಂದು ನೋಡಬೇಕು.’

ಕೊನೆಯ ಸಾಲು ನಮ್ಮ ಬಾಯಿಂದ ಬರುವುದು ಕಷ್ಟ. ದೊಡ್ಡವರಿಗೆ ‘ಬನ್ನಿ’ ಅನ್ನುವುದು ಹೇಗೆ ಅನ್ನುವ ಸಂಕೋಚ. ಆದರೂ ಹೇಳಬೇಕು. ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಇನ್‌ಚಾರ್ಜ್‌ಗೆ ತಿಳಿಸಿ. ಯಾರಿಗೆ ಎಷ್ಟು ಹೊತ್ತಿಗೆ ಹೇಳಿದಿರಿ ಅಂತ ಬರೆದಿಡಿ.

ಮಗ್ಗುಲು ಬದಲಿಸುವ ಕೆಲಸ

ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಬಂದು ನರ್ಸ್ ಆದವರು ಅರುಣಾ ಶಾನಭಾಗ್. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ. 1973ರ ನವೆಂಬರ್‌ನಲ್ಲಿ ಅಲ್ಲೇ ಆದ ಹಲ್ಲೆಯ ನಂತರ ಅವರು ಎದ್ದು ಓಡಾಡಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. 2011ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ದಯಾಮರಣದ ಚರ್ಚೆಯಲ್ಲಿ ಎಲ್ಲರಿಗೂ ಅವರ ಹೆಸರು ಗೊತ್ತು. ನರ್ಸ್‌ಗಳಾದ ನಾವು ಇನ್ನೊಂದನ್ನೂ ಹೇಳಿಕೊಳ್ಳುತ್ತೇವೆ: ಅಷ್ಟು ವರ್ಷ ಮಲಗಿದ್ದವರ ಮೈಗೆ ಹಾಸಿಗೆ ಹುಣ್ಣು ಆಗಲು ಅಲ್ಲಿನವರು ಬಿಡಲಿಲ್ಲ. ಶಿಫ್ಟ್ ಮೇಲೆ ಶಿಫ್ಟ್, ಎಷ್ಟೋ ನರ್ಸ್‌ಗಳು ಅವರ ಮಗ್ಗುಲು ಬದಲಿಸಿದ್ದಾರೆ. ಕೆಲವರು ಅವರು ಬಿದ್ದ ವರ್ಷ ಹುಟ್ಟಿಯೇ ಇರಲಿಲ್ಲ.

ಕೆಲಸ ದೊಡ್ಡದೇನಲ್ಲ, ಬಿಡದೆ ಮಾಡಬೇಕು ಅಷ್ಟೇ. ಎರಡು ಗಂಟೆಗೊಮ್ಮೆ ಮಗ್ಗುಲು. ಪೂರ್ತಿ ಪಕ್ಕಕ್ಕೆ ತಿರುಗಿಸುವುದಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಚಾದರ ಹಿಡಿದು ಇಬ್ಬರು ಎತ್ತಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬಿಳಿ ಆಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಬಿಸಿ, ಗಟ್ಟಿ, ನೋವು ನೋಡಿ. ಆ ಜಾಗವನ್ನು ತಿಕ್ಕಬೇಡಿ. ಮನೆಯವರು ಪ್ರೀತಿಯಿಂದ ಎಣ್ಣೆ ಹಚ್ಚಿ ಮಾಲೀಶು ಮಾಡಲು ಬರುತ್ತಾರೆ. ನಡುವೆ ತೂತಿರುವ ಗಾಳಿ ರಿಂಗ್ ಕೂಡ ತರುತ್ತಾರೆ. ಎರಡೂ ಬೇಡ ಅಂತ ಸಮಾಧಾನವಾಗಿ ಹೇಳಿ. ಮುಂಬೈ ಬೆವರು ಗೊತ್ತಲ್ಲ. ಒದ್ದೆ ಚಾದರ ಬದಲಿಸುವುದೂ ಇದೇ ಕೆಲಸದ ಪಾಲು. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಅಂಕ 18 ಅಥವಾ ಕಡಿಮೆ ಬಂದರೆ ಆ ರೋಗಿಗೆ ಅಪಾಯ ಇದೆ ಅಂತ ಲೆಕ್ಕ.

ಕೈ, ಸೂಜಿ, ಕಸ

ಕೈ ಶುದ್ಧಿಯ ಐದು ಹೊತ್ತು: ರೋಗಿಯನ್ನು ಮುಟ್ಟುವ ಮುಂಚೆ, ಶುದ್ಧ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ತಾಗಬಹುದಾದ ಕೆಲಸದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಕೊನೆಯದೇ ಎಲ್ಲರೂ ಮರೆಯುವುದು. ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡ್, ಸೋಪು ನೀರಿಗೆ 40ರಿಂದ 60. ಗ್ಲೌಸ್ ಹಾಕಿದರೆ ಕೈ ತೊಳೆದ ಹಾಗೆ ಅಲ್ಲ.

ಕಸದ ಬಣ್ಣ ದೇಶವೆಲ್ಲ ಒಂದೇ, 2016ರ ನಿಯಮ. ರಕ್ತವಾದ ಹತ್ತಿ, ಬ್ಯಾಂಡೇಜ್ ಹಳದಿಗೆ. ಗ್ಲೌಸ್, ಟ್ಯೂಬ್, ಸೂಜಿ ಇಲ್ಲದ ಸಿರಿಂಜ್, ಯೂರಿನ್ ಬ್ಯಾಗ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ಗಾಜಿನ ವಯಲ್, ಆಂಪೂಲ್ ನೀಲಿಗೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬೇಡಿ.

ಚುಚ್ಚಿಕೊಂಡರೆ? ಹಿಂಡಬೇಡಿ. ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಆ ಕ್ಷಣವೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. 28 ದಿನದ ಕೋರ್ಸು. ಬೈಸಿಕೊಳ್ಳಬೇಕಾದೀತು ಅಂತ ಮುಚ್ಚಿಟ್ಟು ಮೂರು ದಿನ ಹಾಸ್ಟೆಲ್‌ನಲ್ಲಿ ಅತ್ತ ಹುಡುಗಿಯನ್ನು ನಾನು ನೋಡಿದ್ದೇನೆ. ಅವಳಿಗೆ ಏನೂ ಆಗಲಿಲ್ಲ. ಆದರೆ ಆ ಮೂರು ದಿನ ವಾಪಸ್ ಬರಲ್ಲ.

ನಮ್ಮವರು ಅಡ್ಮಿಟ್ ಆದಾಗ

ವಿಜಯಪುರದ ಕಡೆಯ ಯಾರಾದರೂ ಪರೇಲ್‌ಗೋ ದಾದರ್‌ಗೋ ಚಿಕಿತ್ಸೆಗೆ ಬಂದರೆ ಇಡೀ ಆಸ್ಪತ್ರೆ ನಿಮ್ಮನ್ನು ಕರೆಯುತ್ತದೆ, ‘ಕನ್ನಡ ಸಿಸ್ಟರ್ ಕುಠೆ (ಎಲ್ಲಿ)?’ ಅಂತ. ಹೋಗಿ. ಆ ಅಜ್ಜಿಗೆ ‘ಏನಾತ್ರೀ ಅಮ್ಮಾ’ ಅಂದರೆ ಅರ್ಧ ನೋವು ಇಳಿಯುತ್ತದೆ. ಆದರೆ ಡಾಕ್ಟರ್ ಹೇಳಿದ್ದನ್ನೇ ಹೇಳಿ. ಸಮಾಧಾನಕ್ಕೆ ಅಂತ ಮಾತು ಸೇರಿಸಬೇಡಿ, ಹೆದರುತ್ತಾರೆ ಅಂತ ಬಿಡಬೇಡಿ. ಆಪರೇಷನ್ ವಿವರಿಸಿ ಒಪ್ಪಿಗೆ ಪಡೆಯುವುದು ಡಾಕ್ಟರ್ ಕೆಲಸ, ನೀವು ಭಾಷೆ ದಾಟಿಸುವವರು ಮಾತ್ರ. ಅರ್ಥವಾಯಿತಾ ಅಂತ ಕೇಳಿದರೆ ಅಜ್ಜಿಯೂ ಹೂಂ ಅನ್ನುತ್ತಾರೆ! ‘ಡಾಕ್ಟರು ಏನ್ ಮಾಡ್ತಾರಂತ, ನೀವೇ ನನಗೊಂದ್ಸಲ ಹೇಳ್ರಿ’ ಅನ್ನಿ.

ಇನ್ನೊಂದು ತೊಂದರೆ ಇದೆ. ಮುಂಬೈ ಕನ್ನಡಿಗರ ಲೋಕ ಚಿಕ್ಕದು. ಮಾಟುಂಗಾದಲ್ಲಿ ಕಾರ್ಯಕ್ರಮಕ್ಕೆ ಹೋದರೆ ಡೊಂಬಿವಿಲಿಯವರು ಸಿಗುತ್ತಾರೆ, ‘ಆ ರಾಯರು ನಿಮ್ಮ ಆಸ್ಪತ್ರೇಲಿ ಇದ್ದಾರಂತೆ, ಏನು ಕಾಯಿಲೆ?’ ಅಂತ ಕೇಳುತ್ತಾರೆ. ಕಾಳಜಿಯಿಂದಲೇ ಕೇಳುವುದು. ಹೇಳಬೇಡಿ. ‘ಮನೆಯವರನ್ನೇ ಕೇಳಿ’ ಅನ್ನಿ. ಇದ್ದಾರೆ, ಇಲ್ಲ ಅಂತಲೂ ಹೇಳಬೇಕಿಲ್ಲ. ಎಚ್‌ಐವಿ ವಿಷಯದಲ್ಲಂತೂ ಒಪ್ಪಿಗೆ ಇಲ್ಲದೆ ಹೇಳುವುದಕ್ಕೆ 2017ರ ಕಾಯ್ದೆಯೇ ಅಡ್ಡ ಇದೆ. ವಾರ್ಡಿನಲ್ಲಿ ಸೆಲ್ಫಿ ತೆಗೆದು ಸ್ಟೇಟಸ್ ಹಾಕುವಾಗ ಹಿಂದೆ ಯಾರ ಮುಖ, ಯಾರ ಚಾರ್ಟ್ ಬಂದಿದೆ ಅಂತಲೂ ನೋಡಬೇಕು. ಹಾಕದೇ ಇದ್ದರೆ ಇನ್ನೂ ಒಳ್ಳೆಯದು.

ಬರೆದು ಹೊರಡಿ

ಮಾಡಿದ ಮೇಲೆ ಬರೆಯಿರಿ, ಮಾಡುವ ಮುಂಚೆ ಅಲ್ಲ. ಆರು ಗಂಟೆಯ ಔಷಧಿಗೆ ಐದಕ್ಕೇ ಸಹಿ ಹಾಕಿ ಇಡುವ ಚಟ ಕೆಲವು ವಾರ್ಡಿನಲ್ಲಿದೆ. ಕಲಿಯಬೇಡಿ. ತಪ್ಪು ಬರೆದರೆ ವೈಟ್ನರ್ ಬೇಡ. ಒಂದೇ ಗೆರೆ ಎಳೆದು ಸರಿಯಾದ್ದನ್ನು ಬರೆದು ಸಹಿ, ಹೊತ್ತು ಹಾಕಿ. ‘ರೋಗಿ ಚೆನ್ನಾಗಿದ್ದಾರೆ’ ಅಂತ ಬರೆಯಬೇಡಿ. ‘ಎರಡು ಇಡ್ಲಿ ತಿಂದರು, ಬಾತ್‌ರೂಮಿಗೆ ನಡೆದು ಹೋದರು, ನೋವು 10ರಲ್ಲಿ 3’ ಅಂತ ಬರೆದರೆ ಮುಂದಿನ ಶಿಫ್ಟಿನವರಿಗೆ ಕಣ್ಣಿಗೆ ಕಟ್ಟುತ್ತದೆ.

ಇಷ್ಟೆಲ್ಲ ಮಾಡಿ ಹೊರಟ ಮೇಲೂ ಕುರ್ಲಾ ದಾಟುವಾಗ ಫಕ್ಕನೆ ನೆನಪಾಗುತ್ತದೆ, 9ನೇ ಬೆಡ್‌ನ ಆಂಟಿಬಯೋಟಿಕ್ ಕೊಟ್ಟೆ, ಸಹಿ ಹಾಕಿಲ್ಲ. ನಾಳೆ ನೋಡೋಣ ಅನ್ನಬೇಡಿ. ಸಹಿ ಇಲ್ಲದ್ದು ನೋಡಿ ಮುಂದಿನ ಶಿಫ್ಟಿನವರು ಇನ್ನೊಂದು ಡೋಸ್ ಕೊಟ್ಟುಬಿಡುತ್ತಾರೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದಾದರೂ ಸರಿ, ಗದ್ದಲ ಇಲ್ಲದ ಕಡೆ ನಿಂತು ವಾರ್ಡಿಗೆ ಫೋನ್ ಮಾಡಿ. ರೋಗಿಯ ಹೆಸರು, ಔಷಧಿ, ಕೊಟ್ಟ ಹೊತ್ತು ಹೇಳಿ. ಆ ಕಡೆಯವರು ಹೂಂ ಅಂದರೆ ಫೋನ್ ಇಡಬೇಡಿ. ಅವರ ಬಾಯಿಂದ ಒಮ್ಮೆ ಪೂರ್ತಿ ಹೇಳಿಸಿ. ಮರುದಿನ ಬಂದು ತಡವಾಗಿ ಬರೆದದ್ದು ಅಂತ ಸೇರಿಸಿ, ಕೊಟ್ಟ ಹೊತ್ತು ಮತ್ತು ಬರೆದ ಹೊತ್ತು ಎರಡನ್ನೂ ಹಾಕಿ ಸಹಿ ಮಾಡಿ. ಅಷ್ಟರಲ್ಲಿ ಒಂದು ಟ್ರೈನ್ ಹೋಗಿರುತ್ತದೆ. ಇನ್ನೊಂದು ನಾಲ್ಕು ನಿಮಿಷಕ್ಕೆ ಬರುತ್ತದೆ.